ಸಂಪಾದಕರ ಉತ್ತರ: ‘ಸುಖಮಾಣ್’ ಎಂದು ಎದ್ದು ಬಂದವರಿಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಸಮೀಪದ ಕನ್ನಡ ಓದುಗರೊಬ್ಬರು ಮೂರು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಪ್ರಕಟಿಸಬೇಡಿ ಎಂದಿದ್ದಾರೆ. ಎರಡು ವರ್ಷಗಳಿಂದ ಅವರಿಗೆ ಎಲ್ಲವೂ ಮಳೆಗಾಲದ ಬಸ್ಸಿನ ಕಿಟಕಿಯಿಂದ ಪೇಟೆ ಕಂಡ ಹಾಗೆ ಮಸುಕು. ಮಗಳ ನಗು ಪಕ್ಕದ ಮನೆಯಿಂದ ಬಂದಂತೆ ಕೇಳುತ್ತದೆ. ತಾಯಿಯ ಬೊಜ್ಜದ (ಉತ್ತರಕ್ರಿಯೆಯ) ದಿನವೂ ಕಣ್ಣು ಒದ್ದೆಯಾಗಲಿಲ್ಲ. ‘ನಾನು ಕಲ್ಲಾಗಿದ್ದೇನೆಯೇ?’ ಎಂದು ಕೇಳಿದ್ದಾರೆ.

ಇಲ್ಲ. ಕಲ್ಲಾದವರು ಮಗಳ ನಗು ದೂರವಾಯಿತೆಂದು ನೋಯುವುದಿಲ್ಲ.

ವೈದ್ಯರು ಖಿನ್ನತೆಯೆಂದು ಗುಳಿಗೆ ಕೊಟ್ಟಿದ್ದಾರೆ, ಅದನ್ನು ಬಿಡಬೇಡಿ. ಆತಂಕ, ನಿದ್ದೆಗೇಡು, ಶೋಕ ಇವುಗಳ ಭಾರಕ್ಕೆ ಮನಸ್ಸು ಮರಗಟ್ಟುವುದುಂಟು. ಲೋಕವೇ ಸುಳ್ಳೆನಿಸಿದರೂ ಅದು ಬರಿಯ ಅನಿಸಿಕೆ ಎಂಬ ಅರಿವು ಇಂಥವರಲ್ಲಿ ಉಳಿದಿರುತ್ತದೆ, ನಿಮ್ಮಲ್ಲಿಯೂ ಉಳಿದಿದೆ. ಬದುಕೇ ಬೇಡವೆನಿಸಿದರೆ ತಡಮಾಡದೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೂ ಸೇವೆಯಿದೆ.

ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಎರಡನೆಯ ಪುಟದ ಕೊನೆಯಲ್ಲಿ ನೀವು ಸುಮ್ಮನೆ ಬರೆದು ದಾಟಿಹೋದ ಸಾಲು: ‘ಆಪ್ತಸಮಾಲೋಚಕರು ಮಲಯಾಳದಲ್ಲಿ ಕೇಳಿದರು, ಸುಖಮಾಣ್ ಎಂದು ಹೇಳಿ ಎದ್ದು ಬಂದೆ.’ ಸುಖಮಾಣ್ ಎಂದರೆ ಚೆನ್ನಾಗಿದ್ದೇನೆ ಎಂದು.

ಹನ್ನೊಂದು ವರ್ಷ ಮಲಯಾಳದಲ್ಲಿ ಕಚೇರಿ ಕೆಲಸ ಮಾಡಿದವರು ನೀವು, ಮಾತು ಬಾರದೆ ಎದ್ದು ಬಂದವರಲ್ಲ. ನನಗೂ ಆ ಭಾಷೆಯ ಮೇಲೆ ಮುನಿಸಿಲ್ಲ. ಮೀನು ಕೊಳ್ಳಲು, ತೆರಿಗೆ ಕಟ್ಟಲು, ಗೆಳೆತನಕ್ಕೂ ಅದು ಒದಗಿದೆ. ಆದರೆ ‘ಅಮ್ಮ ಹೋದ ರಾತ್ರಿ ನನಗೇನೂ ಅನಿಸಲಿಲ್ಲ’ ಎಂಬುದನ್ನು ಕಲಿತ ಭಾಷೆಯಲ್ಲಿ ಹೇಳಹೊರಟರೆ ವ್ಯಾಕರಣ ಸರಿಯಿರುತ್ತದೆ, ದುಃಖ ಮಾತ್ರ ಬೇರೆ ಯಾರದೋ ಆಗಿಬಿಡುತ್ತದೆ.

ನನ್ನ ತಾಯಿ ತೀರಿಕೊಂಡ ವರ್ಷ ನಾನೂ ಹೀಗೆಯೇ ಇದ್ದೆ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆ ಕಳೆದು, ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿ, ಮಳೆ ಹಿಡಿದ ಕಾಲ. ನೀರ್ಚಾಲಿನ ಒಂದು ಮನೆಯ ಚಾವಡಿಯಲ್ಲಿ ‘ಕರ್ಣಭೇದನ’ ತಾಳಮದ್ದಳೆ, ವೇಷ ಕಟ್ಟದೆ ಕುಳಿತು ಹಾಡು-ಮಾತಿನಲ್ಲಿಯೇ ನಡೆಸುವ ಯಕ್ಷಗಾನ. ಕರ್ಣನ ಅರ್ಥ, ಅಂದರೆ ಮಾತು, ಹೇಳುತ್ತಿದ್ದವರು ನಿವೃತ್ತ ಮೇಷ್ಟ್ರು. ಕುಂತಿ ತನ್ನ ಗುಟ್ಟು ಹೇಳಿದ ಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಮದ್ದಳೆಯೂ ಸುಮ್ಮನಾಯಿತು. ಆಮೇಲೆ ‘ಅಮ್ಮಾ’ ಎಂದರು, ಅಷ್ಟೇ. ನಾನೆದ್ದು ಜಗಲಿಗೆ ಹೋಗಿ ಅತ್ತೆ. ಮರುದಿನವೇ ಎಲ್ಲವೂ ಸರಿಹೋಗಲಿಲ್ಲ. ಮತ್ತೆ ನಾಲ್ಕು ತಿಂಗಳು ಹಿಡಿಯಿತು. ಆದರೆ ಊಟಕ್ಕೆ ರುಚಿಯಿದೆಯೆಂದು ಗೊತ್ತಾದದ್ದು ಆ ರಾತ್ರಿಯ ಗಂಜಿಯಲ್ಲಿ.

ತಾಳಮದ್ದಳೆಯನ್ನು ಈಗ ಮೊಬೈಲಿನಲ್ಲಿ ಕೇಳುತ್ತೇನೆಂದು ಬರೆದಿದ್ದೀರಿ. ಅದೊಂದು ನನಗೆ ಸರಿಬರಲಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ನಿಮ್ಮಿಂದ ಅರ್ಧ ಗಂಟೆಯ ದಾರಿ. ಕಿವಿಗೆ ಸಿಕ್ಕಿಸಿಕೊಂಡು ಒಬ್ಬರೇ ಕೇಳುವುದಕ್ಕೂ, ಗುರುತಿಲ್ಲದವರ ಭುಜಕ್ಕೆ ಭುಜ ತಾಗಿಸಿ ಚಾಪೆಯ ಮೇಲೆ ಕೂರುವುದಕ್ಕೂ ಬಹಳ ವ್ಯತ್ಯಾಸವಿದೆ. ಹಿಂದೆ ಚಾಲಿ (ಒಣಗಿಸಿದ) ಅಡಿಕೆ ಸುಲಿಯಲು ರಾತ್ರಿ ನೆರೆಕರೆಯವರೆಲ್ಲ ಸೇರುತ್ತಿದ್ದರು. ಕೈಗೆ ಕೆಲಸವಿದ್ದುದರಿಂದ ಯಾರೂ ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಹೇಳಲಾಗದ್ದನ್ನೂ ಹೇಳಿಬಿಡುತ್ತಿದ್ದರು. ಈಗ ಸುಲಿಯುವ ಯಂತ್ರ ಬಂದಿದೆ, ಅದರ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ.

1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಕನ್ನಡ ನಾಡಿಗೆ ಸೇರಬೇಕೆಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದ್ದು ಕಾಗದದಲ್ಲಿಯೇ ಉಳಿಯಿತು. ಅದನ್ನು ಬಿಡೋಣ. ಸಂವಿಧಾನದ 350ನೆಯ ವಿಧಿಯ ಪ್ರಕಾರ ಕುಂದುಕೊರತೆಯ ಅರ್ಜಿಯನ್ನು ನಾವು ನಮ್ಮ ಭಾಷೆಯಲ್ಲಿ ಕೊಡಬಹುದು. ಜಾಗದ ತಕರಾರನ್ನು ಕನ್ನಡದಲ್ಲಿ ಬರೆದುಕೊಡುವ ಹಕ್ಕಿರುವವನಿಗೆ ಎದೆಯ ಸಂಕಟವನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುವ ಒಬ್ಬರು ಬೇಡವೇ? ಕೇಳಿದರೆ ‘ನಿಮಗೆಲ್ಲ ಮಲಯಾಳ ಬರುತ್ತದಲ್ಲ’ ಎಂಬ ಉತ್ತರ. ನಾವೂ ಒಪ್ಪಿ ತಲೆಯಾಡಿಸುತ್ತೇವೆ. ಮನೆಯಲ್ಲಿ ನಮ್ಮ ಕನ್ನಡ ‘ಊಟವಾಯಿತೇ, ಮಗು ಮಲಗಿತೇ’ ಎಂಬಷ್ಟಕ್ಕೆ ಬಂದು ನಿಂತಿದೆ.

ಮುಂದಿನ ಸಲ ಸಮಾಲೋಚಕರಲ್ಲಿಗೆ ಹೋದಾಗ ಕನ್ನಡ ಬಲ್ಲವರು ಬೇಕೆಂದು ಬಾಯಿಬಿಟ್ಟು ಕೇಳಿ. ಇಲ್ಲವೆಂದರೆ ನನಗೆ ತಿಳಿಸಿ, ಹುಡುಕೋಣ. ಇನ್ನೊಂದು ವಿಷಯ: ಇಷ್ಟು ಉದ್ದದ ಪತ್ರದಲ್ಲಿ ನಿಮ್ಮ ತಾಯಿಯ ಬಗ್ಗೆ ಇರುವುದು ಎರಡೇ ವಾಕ್ಯ. ಉಳಿದದ್ದನ್ನು ಬರೆದು ಕಳುಹಿಸಿ. ಅಚ್ಚು ಹಾಕುವುದಿಲ್ಲ, ನಾನು ಓದುತ್ತೇನೆ.