ಕಬ್ಬಿಣದ ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್ ಯಾವ ಆರ್ಬಿಟಲ್ ಕಡೆ ವಾಲಿದೆ ಅಂತ ಎಕ್ಸ್-ರೇಯಿಂದ ಹೇಗೆ ತಿಳಿಯುತ್ತದೆ?

ಸೂಪರ್‌ಕಂಡಕ್ಟರ್ ಅಂದರೆ ತುಂಬಾ ತಣ್ಣಗಾದಾಗ ಯಾವ ಅಡ್ಡಿಯೂ ಇಲ್ಲದೆ ವಿದ್ಯುತ್ ಹರಿಸುವ ವಸ್ತು. ಅದರ ಹರಳು ಎಷ್ಟು ಎಕ್ಸ್-ರೇ ಹೀರಿಕೊಂಡಿತು ಅಂತ ಎರಡು ದಿಕ್ಕಿನಲ್ಲಿ ಅಳೆದು ಹೋಲಿಸುತ್ತಾರೆ. ಆ ವ್ಯತ್ಯಾಸವೇ ಸುಳಿವು.

ಆರ್ಬಿಟಲ್ ಅಂದರೆ ಪರಮಾಣುವಿನ ಸುತ್ತ ಎಲೆಕ್ಟ್ರಾನ್ ಇರಬಹುದಾದ ಜಾಗದ ಆಕಾರ. ಇಲ್ಲಿ ಮುಖ್ಯವಾದ ಎರಡು ಆರ್ಬಿಟಲ್‌ಗಳು ಒಂದಕ್ಕೊಂದು ಅಡ್ಡಲಾಗಿರುತ್ತವೆ. ಎಕ್ಸ್-ರೇ ಬಿದ್ದಾಗ ಪರಮಾಣುವಿನ ಒಳಗಿನ ಎಲೆಕ್ಟ್ರಾನ್ ಹೊರಗಿನ ಖಾಲಿ ಜಾಗಕ್ಕೆ ಹಾರುತ್ತದೆ. ಕಿರಣದ ಕಂಪನ ಯಾವ ದಿಕ್ಕಿಗಿದೆಯೋ ಆ ದಿಕ್ಕಿನ ಆರ್ಬಿಟಲ್‌ನಲ್ಲಿ ಖಾಲಿ ಜಾಗ ಜಾಸ್ತಿ ಇದ್ದರೆ, ಹೀರಿಕೆಯೂ ಜಾಸ್ತಿ.

ಇಂಥದ್ದೇ ಒಂದು ಸೂಪರ್‌ಕಂಡಕ್ಟರ್ ಆದ ಕಬ್ಬಿಣದ ಸೆಲೆನೈಡನ್ನೇ (ಕಬ್ಬಿಣ ಮತ್ತು ಸೆಲೆನಿಯಂ ಸೇರಿದ ವಸ್ತು) ನೋಡಿ. ಸುಮಾರು 90 ಕೆಲ್ವಿನ್‌ಗಿಂತ (ಮೈನಸ್ 183 ಡಿಗ್ರಿ ಸೆಲ್ಸಿಯಸ್) ಕೆಳಗೆ ಅದರ ಹರಳು ಒಂದು ದಿಕ್ಕಿಗೆ ತುಸು ಹಿಗ್ಗುತ್ತದೆ. ತಲೆನೋವು ಏನಂದ್ರೆ, ಒಂದೊಂದು ಭಾಗ ಒಂದೊಂದು ಕಡೆ ಹಿಗ್ಗುತ್ತದೆ. ಸುಮ್ನೆ ಅಳೆದರೆ ವ್ಯತ್ಯಾಸದ ಒಟ್ಟು ಲೆಕ್ಕ ಸೊನ್ನೆ! ಅದಕ್ಕೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ತಂಡವೊಂದು ತೆಳು ಹರಳನ್ನು ಟೈಟಾನಿಯಂ ಪಟ್ಟಿಗೆ ಅಂಟಿಸಿ, ಎಲ್ಲ ಭಾಗವೂ ಒಂದೇ ಕಡೆ ಹಿಗ್ಗಲಿ ಅಂತ ಪಟ್ಟಿಯನ್ನೇ ಸ್ವಲ್ಪ ಸ್ವಲ್ಪ ಎಳೆಯಿತು. ನನಗೆ ಬಲು ಇಷ್ಟವಾದ ಉಪಾಯ ಇದು. ಆಗ ಎಲೆಕ್ಟ್ರಾನ್‌ಗಳು ಒಂದೇ ಆರ್ಬಿಟಲ್ ಕಡೆ ವಾಲಿದ್ದು ಕಂಡಿತು. 2023ರಲ್ಲಿ ಪ್ರಕಟವಾದ ಫಲಿತಾಂಶ ಇದು. ಬೇರೆ ಕಬ್ಬಿಣದ ಸೂಪರ್‌ಕಂಡಕ್ಟರ್‌ಗಳಲ್ಲಿ ಇಂಥ ಬದಲಾವಣೆಗೆ ಎಲೆಕ್ಟ್ರಾನಿನ ಸ್ಪಿನ್, ಅಂದರೆ ಅದರ ಕಾಂತೀಯ ಗುಣ, ಕಾರಣ ಅನ್ನುತ್ತಾರೆ. ಇಲ್ಲಿ ಆರ್ಬಿಟಲ್ಲೇ ಮುಂದಾಳು ಎಂದು ಆ ತಂಡದ ವಾದ.