ನಿಮ್ಮ ಲೇಖನದ ಜೀವ ಏಳನೇ ಪ್ಯಾರಾದಲ್ಲಿದೆ

ಆತ್ಮೀಯ ಟೀಚರ್ ಅವರಿಗೆ ನಮಸ್ಕಾರ.

‘ರೋಮನ್ ಅಂಕಿಗಳನ್ನು ಕಲಿಯೋಣ’ ಎಂಬ ನಿಮ್ಮ ಲೇಖನ ತಲುಪಿದೆ, ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸುವುದು ಕಷ್ಟ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲು ಮನಸ್ಸು ಬರಲಿಲ್ಲ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಹೊರಗೆ ಬರಬೇಕು ಅಂತಲೇ ಇಷ್ಟು ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಹಾಕಿ. ರೋಮ್ ಸಾಮ್ರಾಜ್ಯದ ವೈಭವ, ಜೂಲಿಯಸ್ ಸೀಸರ್, ನಾಗರಿಕತೆಗಳ ಉಗಮ, ಇದ್ಯಾವುದೂ ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ರಾತ್ರಿ ಅಡುಗೆ ಮುಗಿಸಿ ಮಗುವಿನ ಹೋಂವರ್ಕ್ ನೋಡಲು ಕೂತ ತಾಯಿಗೆ ಬೇಕಾಗಿಲ್ಲ. ಈ ಅಕ್ಷರಗಳನ್ನು ಹೇಗೆ ಜೋಡಿಸಬೇಕು, ಯಾಕೆ ಹಾಗೇ ಜೋಡಿಸಬೇಕು, ಇಷ್ಟು ಗೊತ್ತಾದರೆ ಆಕೆಗೆ ಸಾಕು.

ಆಮೇಲೆ ಬರುವುದು ಒಂಬತ್ತು ನಿಯಮಗಳ ಪಟ್ಟಿ. “ವಿ, ಎಲ್, ಡಿ ಅಕ್ಷರಗಳು ಪುನರಾವರ್ತನೆಗೊಳ್ಳತಕ್ಕದ್ದಲ್ಲ” ಎಂದು ಬರೆದಿದ್ದೀರಿ. ಕ್ಲಾಸಿನಲ್ಲಿ ನೀವು ಹೀಗೆ ಮಾತಾಡುವುದಿಲ್ಲ ಅಲ್ವಾ? ಕಾರಣ ಹೇಳಿ. ವಿ ಅಂದರೆ 5. ಎರಡು ವಿ ಸೇರಿದರೆ 10. ಹತ್ತಕ್ಕೆ ಎಕ್ಸ್ ಎಂಬ ಅಕ್ಷರ ಆಗಲೇ ಇದೆ, ಮತ್ತೆ ಎರಡು ವಿ ಯಾಕೆ? ಹಾಗೆಯೇ ಎಲ್ ಅಂದರೆ 50, ಎರಡು ಎಲ್ ಬದಲು 100ಕ್ಕೆ ಸಿ ಇದೆ; ಡಿ ಅಂದರೆ 500, ಎರಡು ಡಿ ಬದಲು 1000ಕ್ಕೆ ಎಂ ಇದೆ. ಇಷ್ಟು ಹೇಳಿದರೆ ಮಗು ಆ ನಿಯಮವನ್ನು ಬಾಯಿಪಾಠ ಮಾಡಬೇಕಾಗಿಲ್ಲ.

ಈಗ ಏಳನೇ ಪ್ಯಾರಾಕ್ಕೆ ಬರೋಣ. ನಿಮ್ಮ ಟ್ಯೂಷನ್ನಿಗೆ ಬರುವ ಒಬ್ಬ ಹುಡುಗ 45 ಎಂಬುದನ್ನು ವಿ-ಎಲ್ ಎಂದು ಬರೆದ ಪ್ರಸಂಗ. “ಅದು ತಪ್ಪೆಂದು ತಿದ್ದಿದೆ” ಎಂದು ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಹೋಗಿಬಿಟ್ಟಿದ್ದೀರಿ. ಇಡೀ ಲೇಖನದಲ್ಲಿ ನಾನು ಪೆನ್ನು ಕೆಳಗಿಟ್ಟು ಓದಿದ್ದು ಆ ಸಾಲನ್ನು. ಆ ಹುಡುಗ ಸುಮ್ನೆ ಏನೋ ಗೀಚಿಲ್ಲ. ಯೋಚನೆ ಮಾಡಿದ್ದಾನೆ. ಐದಕ್ಕೆ ಒಂದು ಕಮ್ಮಿ ಇದ್ದರೆ ಐ-ವಿ, ಅದು 4. ಹತ್ತಕ್ಕೆ ಒಂದು ಕಮ್ಮಿ ಇದ್ದರೆ ಐ-ಎಕ್ಸ್, ಅದು 9. ಹಾಗಾದರೆ ಐವತ್ತಕ್ಕೆ ಐದು ಕಮ್ಮಿ ಇರುವ 45, ವಿ-ಎಲ್ ಆಗಬೇಕಲ್ಲ? ಅವನ ತರ್ಕದಲ್ಲಿ ನೇರವಾದ ದಾರಿ ಇದೆ. ಅದು ಎಲ್ಲಿ ತಪ್ಪಿತು ಎಂದು ತೋರಿಸುವುದೇ ನಿಮ್ಮ ಲೇಖನದ ಕೆಲಸ.

ತೋರಿಸುವುದು ಕಷ್ಟವೂ ಅಲ್ಲ. ಸಂಖ್ಯೆಯನ್ನು ಮೊದಲು ಬಿಡಿಸಬೇಕು. 45 ಅಂದರೆ 40 ಮತ್ತು 5. ನಲವತ್ತನ್ನು ಬರೆಯಿರಿ, ಎಕ್ಸ್-ಎಲ್. ಪಕ್ಕದಲ್ಲಿ ಐದನ್ನು ಬರೆಯಿರಿ, ವಿ. ಎಕ್ಸ್-ಎಲ್-ವಿ ಆಯಿತು. ಸಾವಿರ, ನೂರು, ಹತ್ತು, ಬಿಡಿ, ಒಂದೊಂದು ಸ್ಥಾನವನ್ನೂ ಬೇರೆ ಬೇರೆಯಾಗಿ ಬರೆದು ಸಾಲಾಗಿ ಇಡಬೇಕು. ಕಳೆಯುವ ಆಟ ಒಂದು ಸ್ಥಾನದ ಒಳಗೆ ಮಾತ್ರ ನಡೆಯುತ್ತದೆ. ಅದಕ್ಕೇ ಐ ಬರುವುದು ವಿ ಮತ್ತು ಎಕ್ಸ್ ಮುಂಚೆ ಮಾತ್ರ. ಎಕ್ಸ್ ಬರುವುದು ಎಲ್ ಮತ್ತು ಸಿ ಮುಂಚೆ. ಸಿ ಬರುವುದು ಡಿ ಮತ್ತು ಎಂ ಮುಂಚೆ. ಒಟ್ಟು ಆರೇ ಜೋಡಿ: 4, 9, 40, 90, 400, 900. ಇನ್ನೆಲ್ಲೂ ಕಳೆಯುವ ಪ್ರಶ್ನೆಯೇ ಇಲ್ಲ. ಯಾವುದಾದರೂ ಸ್ಥಾನದಲ್ಲಿ ಸೊನ್ನೆ ಇದ್ದರೆ ಅದನ್ನು ಬಿಟ್ಟು ಮುಂದೆ ಹೋಗುವುದು. ಈ ಅಂಕಿಗಳಲ್ಲಿ ಸೊನ್ನೆಗೆ ಗುರುತೇ ಇಲ್ಲ. 1905 ಅಂದರೆ ಎಂ-ಸಿ-ಎಂ-ವಿ, ಅಷ್ಟೇ.

ಇದನ್ನು ವಿವರಿಸಿದ್ದರೆ ನಿಮ್ಮ ನಾಲ್ಕನೇ ಪುಟದ ತಪ್ಪೂ ಆಗುತ್ತಿರಲಿಲ್ಲ. ಅಲ್ಲಿ 99ಕ್ಕೆ ಐ-ಸಿ ಎಂದು ಬರೆದಿದ್ದೀರಿ. ಆ ಹುಡುಗ ಎಡವಿದ ಜಾಗದಲ್ಲೇ ನೀವೂ ಎಡವಿದ್ದೀರಿ. 90 ಅಂದರೆ ಎಕ್ಸ್-ಸಿ, 9 ಅಂದರೆ ಐ-ಎಕ್ಸ್. ಎಕ್ಸ್-ಸಿ-ಐ-ಎಕ್ಸ್ ಎಂದು ತಿದ್ದಿಕೊಳ್ಳಿ. ಕಲಿಸುವ ಲೇಖನದಲ್ಲಿ ಇಂಥ ಒಂದು ತಪ್ಪು ಉಳಿದರೂ ಓದುಗರು ಉಳಿದದ್ದನ್ನೂ ಅನುಮಾನದಿಂದ ನೋಡುತ್ತಾರೆ.

ಗೇಟ್‌ವೇ ಆಫ್ ಇಂಡಿಯಾ ಉದಾಹರಣೆ ತಂದದ್ದು ಬಹಳ ಚೆನ್ನಾಗಿದೆ. ಮುಂಬಯಿಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದಿಲ್ಲ. ಆದರೆ ಅಲ್ಲಿರುವ ಎಂ-ಸಿ-ಎಂ-ಎಕ್ಸ್-ಐ ಎಂಬುದನ್ನು 1911 ಎಂದು ಸರಿಯಾಗಿ ಓದಿ, “ಈ ಸ್ಮಾರಕವನ್ನು 1911ರಲ್ಲಿ ಕಟ್ಟಲಾಯಿತು” ಎಂದು ಬರೆದುಬಿಟ್ಟಿದ್ದೀರಿ. ಆ ಶಾಸನ ಹೇಳುವುದು ದೊರೆ ಐದನೇ ಜಾರ್ಜ್ ಮತ್ತು ರಾಣಿ ಮೇರಿ 1911ರ ಡಿಸೆಂಬರ್ 2ರಂದು ಇಲ್ಲಿ ಬಂದಿಳಿದದ್ದನ್ನು. ಆಗ ಈ ಕಲ್ಲಿನ ಕಮಾನು ಇರಲೇ ಇಲ್ಲ. ಅಡಿಗಲ್ಲು ಇಟ್ಟದ್ದು 1913ರಲ್ಲಿ. ಜಾರ್ಜ್ ವಿಟೆಟ್ ಮಾಡಿದ ವಿನ್ಯಾಸದಂತೆ ಕೆಲಸ ಮುಗಿದು ಉದ್ಘಾಟನೆಯಾದದ್ದು 1924ರಲ್ಲಿ. ಇನ್ನೊಂದು ವಿಷಯ. ಅದೇ ಶಾಸನದಲ್ಲಿ ದೊರೆಯ ಹೆಸರಿನ ಪಕ್ಕ ಒಂದು ವಿ ಇದೆ. ಒಂದೇ ವಾಕ್ಯದಲ್ಲಿ ಒಂದು ಚಿಕ್ಕ ರೋಮನ್ ಅಂಕಿ, ಒಂದು ದೊಡ್ಡದು. ಮಕ್ಕಳನ್ನು ಅದರ ಎದುರು ನಿಲ್ಲಿಸಿ ಎಂ ಅಂದರೆ ಸಾವಿರ, ಸಿ-ಎಂ ಅಂದರೆ ಒಂಬೈನೂರು, ಎಕ್ಸ್ ಅಂದರೆ ಹತ್ತು, ಐ ಅಂದರೆ ಒಂದು ಎಂದು ಬಿಡಿಸಿ ಓದಿಸಿ. ಆ ಪ್ಯಾರಾ ಓದಲು ನನಗೇ ಆಸೆ ಇದೆ.

ಗಡಿಯಾರದ ವಿಷಯದಲ್ಲಿ ನಿಮ್ಮ ತೀರ್ಮಾನ ಒಪ್ಪಲಾರೆ. ಎಷ್ಟೋ ಗಡಿಯಾರಗಳಲ್ಲಿ ನಾಲ್ಕಕ್ಕೆ ಐ-ವಿ ಬದಲು ನಾಲ್ಕು ಐ ಇರುತ್ತದೆ ನಿಜ. ಅದನ್ನು “ತಯಾರಕರ ಅಜ್ಞಾನ” ಎಂದಿದ್ದೀರಿ. ರೋಮನ್ನರೇ ಹಾಗೆ ಬರೆಯುತ್ತಿದ್ದರು. ರೋಮಿನ ಪುರಾತನ ಕ್ರೀಡಾಂಗಣ ಕೊಲೋಸಿಯಂನಲ್ಲಿ 44ನೇ ಬಾಗಿಲಿನ ನಂಬರ್ ಎಕ್ಸ್-ಎಲ್ ಬರೆದು ಮುಂದೆ ನಾಲ್ಕು ಐ. ನಲವತ್ತಕ್ಕೆ ಕಳೆಯುವ ಪದ್ಧತಿ, ನಾಲ್ಕಕ್ಕೆ ಕೂಡಿಸುವ ಪದ್ಧತಿ, ಎರಡೂ ಒಂದೇ ಬಾಗಿಲಿನ ಮೇಲೆ! ನಾವು ಶಾಲೆಯಲ್ಲಿ ಕಲಿಸುವ ಕಟ್ಟುನಿಟ್ಟಿನ ರೂಪ ಗಟ್ಟಿಯಾದದ್ದು ಬಹಳ ತಡವಾಗಿ. ಪರೀಕ್ಷೆಯಲ್ಲಿ ಐ-ವಿ ಎಂದೇ ಬರೆಯಬೇಕು ಎಂದು ಮಕ್ಕಳಿಗೆ ಖಂಡಿತ ಹೇಳಿ. ಗಡಿಯಾರ ತಪ್ಪು ಎಂದು ಮಾತ್ರ ಹೇಳಬೇಡಿ.

“ಈ ಅಂಕಿಗಳಿಂದ ರೋಮನ್ನರು ಗುಣಾಕಾರ ಹೇಗೆ ಮಾಡುತ್ತಿದ್ದರೋ” ಎಂಬ ಸಾಲೂ ಬೇಡ. ಅವರು ಲೆಕ್ಕ ಮಾಡುತ್ತಿದ್ದುದು ಹಲಗೆಯ ಮೇಲೆ ಹರಳು ಸರಿಸಿ. ಬಂದ ಉತ್ತರವನ್ನು ಬರೆದಿಡಲು ಈ ಅಕ್ಷರಗಳು. ಅಕ್ಷರದ ಮೇಲೆ ಗೆರೆ ಎಳೆದು ಸಾವಿರಪಟ್ಟು ಮಾಡುವ ಭಾಗವನ್ನೂ ಬಿಡಿ. 3,999ರವರೆಗೆ ಗೆರೆ ಇಲ್ಲದೆ ಬರೆಯಬಹುದು, ನಮ್ಮ ಓದುಗರಿಗೆ ಅಷ್ಟು ಧಾರಾಳ ಸಾಕು.

ಮತ್ತೆ ಬರೆಯುವಾಗ ಆ ಹುಡುಗನಿಂದಲೇ ಶುರು ಮಾಡಿ. ಹೆಸರು ಬದಲಾಯಿಸಿ. ಅವನು ಬರೆದದ್ದು, ನೀವು ಕೇಳಿದ್ದು, ಅವನು ಕೊಟ್ಟ ಕಾರಣ, ಎಲ್ಲ ಬರಲಿ. ಕಾರಣ ಕೇಳಿರದಿದ್ದರೆ ಈಗ ಕೇಳಿ. ನಾನು ಊಹಿಸಿದ್ದಕ್ಕಿಂತ ಬೇರೆಯೇ ಏನಾದರೂ ಅವನು ಹೇಳಬಹುದು, ಹೇಳಿದರೆ ಅದನ್ನೇ ಬರೆಯಿರಿ. ಅಲ್ಲಿಂದ ಗೇಟ್‌ವೇಗೆ ಬನ್ನಿ, ಗಡಿಯಾರ ಕೊನೆಗಿರಲಿ. ಈಗ ಆರು ಪುಟ ಇದೆ, ಮೂರು ಪುಟಕ್ಕಿಂತ ಜಾಸ್ತಿ ಬೇಡ. ಸಾಧ್ಯವಾದರೆ ಅವನ ನೋಟ್‌ಬುಕ್ಕಿನ ಆ ಪುಟದ ಫೋಟೋ ಕಳಿಸಿ, ಮನೆಯವರ ಒಪ್ಪಿಗೆ ಪಡೆದು. ಲೇಖನದ ಜೊತೆಗೇ ಹಾಕುತ್ತೇನೆ.