3 ಲಕ್ಷದಲ್ಲಿ ಗೇಮಿಂಗ್ ಪಿಸಿ: ಯಾವ ಯಾವ ಪಾರ್ಟ್ ತಗೊಳ್ಳಬೇಕು?

ಸಾಗರದ ಹತ್ತಿರ ಹಳ್ಳಿ ಮನೆ, ಮಾನಿಟರ್ ಸೇರಿ 3 ಲಕ್ಷ ರೂಪಾಯಿ, ಐದಾರು ವರ್ಷ ಚಿಂತೆ ಇಲ್ಲದೆ ಆಡುವಂಥ ಗೇಮಿಂಗ್ ಪಿಸಿ ಬೇಕು, ಪಾರ್ಟ್‌ಗಳನ್ನು ಬೆಂಗಳೂರಿನಿಂದ ತರುತ್ತೇನೆ, ಯಾವ ಗ್ರಾಫಿಕ್ಸ್ ಕಾರ್ಡ್ ಯಾವ ಪ್ರೊಸೆಸರ್ ಅಂತ ಹೇಳಿ ಎಂದು ಕೇಳಿದ್ದೀರಿ. ಸುಮಾರು ಹತ್ತು ವರ್ಷದಿಂದ ನನಗೆ, ನನ್ನ ತಮ್ಮನಿಗೆ, ಗೆಳೆಯರಿಗೆ ಪಿಸಿ ಜೋಡಿಸಿಕೊಡುತ್ತಾ ಬಂದಿದ್ದೇನೆ. ನಾನೂ ಮಲೆನಾಡಿನವನೇ, ನಮ್ಮ ಕಡೆಯ ಸಿಡಿಲು, ಕರೆಂಟಿನ ಕಾಟ ಗೊತ್ತು. ಹಾಗಾಗಿ ಕಾರ್ಡಿನ ಮಾತಿಗೆ ಆಮೇಲೆ ಬರುತ್ತೇನೆ.

ಪಿಸಿಯನ್ನು ಎರಡು ತುದಿಯಿಂದ ಯೋಚಿಸಿ. ಒಂದು ತುದಿ ಗೋಡೆಯ ಪ್ಲಗ್. ಇನ್ನೊಂದು ತುದಿ ಕಣ್ಣೆದುರಿನ ಮಾನಿಟರ್. ಈ ಎರಡು ಗಟ್ಟಿಯಾದರೆ ನಡುವಿನ ಪಾರ್ಟ್‌ಗಳಲ್ಲಿ ಮುಕ್ಕಾಲು ಪಾಲು ತಾವಾಗಿಯೇ ತೀರ್ಮಾನವಾಗುತ್ತವೆ.

ಪ್ಲಗ್ಗಿನ ಕಡೆಯಿಂದ ಶುರು ಮಾಡೋಣ. ನಮ್ಮ ಮನೆಯಲ್ಲಿ ಒಂದು ಮೇ ತಿಂಗಳ ಸಂಜೆ ಗುಡುಗು ಶುರುವಾಯಿತು. ಪಿಸಿಯ ಪ್ಲಗ್ ಕಿತ್ತಿಟ್ಟು ಜಗಲಿಗೆ ಬಂದು ಕೂತೆ. ಹತ್ತಿರದಲ್ಲೇ ಎಲ್ಲೋ ಸಿಡಿಲು ಬಡಿಯಿತು. ಮಳೆ ಬಿಟ್ಟ ಮೇಲೆ ಹೋಗಿ ಸ್ವಿಚ್ ಒತ್ತಿದರೆ ಪಿಸಿಯಲ್ಲಿ ಉಸಿರೇ ಇಲ್ಲ. ಪ್ಲಗ್ಗೇನೋ ಕಿತ್ತಿದ್ದೆ, ಆದರೆ ಮೋಡೆಮ್‌ನಿಂದ ಬಂದ ಲ್ಯಾನ್ ಕೇಬಲ್ ಹಾಗೇ ಇತ್ತು. ಫೋನ್ ತಂತಿಯಲ್ಲಿ ಬಂದ ಹೊಡೆತ ಮೋಡೆಮ್ ಸುಟ್ಟು, ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡಿಗೆ ನುಗ್ಗಿತ್ತು. ಲ್ಯಾನ್ ಪೋರ್ಟಿನ ಹಿಂದೆ ಒಂದು ಪುಟ್ಟ ಚಿಪ್ ಕಾಳುಮೆಣಸಿನ ಹಾಗೆ ಕಪ್ಪಾಗಿ ಬಿರಿದಿತ್ತು. ಸಿಡಿಲು ಹೊಡೆದದ್ದಕ್ಕೆ ವಾರಂಟಿ ಸಿಗುವುದಿಲ್ಲ. ಈಗ ಫೈಬರ್ ಬಂದಿದೆ, ಗಾಜಿನ ಎಳೆಯಲ್ಲಿ ಕರೆಂಟು ಹರಿಯುವುದಿಲ್ಲ, ನಿಜ. ಆದರೆ ರೂಟರಿನ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲೇ ಇರುತ್ತದೆ ಅಲ್ವಾ? ಹಾಗಾಗಿ ಗುಡುಗು ಬಂದರೆ ಲ್ಯಾನ್ ಕೇಬಲನ್ನೂ ಕೀಳಿ. ಇಲ್ಲವೇ ವೈಫೈ ಇರುವ ಮದರ್‌ಬೋರ್ಡನ್ನೇ ತಗೊಂಡು ಕೇಬಲ್ಲಿನ ಗೊಡವೆಯೇ ಬೇಡ ಎನ್ನಿ.

ಆಮೇಲೆ ಅರ್ತಿಂಗ್. ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತದೆ, ಮೇಲಿನ ದಪ್ಪ ತೂತಿಗೆ ಹಿಂದೆ ತಂತಿಯೇ ಇರುವುದಿಲ್ಲ. ಗಾರೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ಟಿನ ಸ್ಕ್ರೂ ಮುಟ್ಟಿದಾಗ ಬೆರಳು ಜುಮ್ ಎಂದರೆ ಮೊದಲು ಅರ್ತಿಂಗ್ ಮೇಲೇ ಅನುಮಾನ ಪಡಿ. ಒಬ್ಬ ಎಲೆಕ್ಟ್ರಿಷಿಯನ್‌ನ್ನು ಕರೆಸಿ ಮೀಟರ್ ಇಟ್ಟು ನೋಡಿಸಿ. ಫೇಸ್ ಮತ್ತು ಅರ್ತ್ ನಡುವೆ 230 ವೋಲ್ಟಿನ ಆಸುಪಾಸು ಬರಬೇಕು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಸರಿ ಇಲ್ಲದಿದ್ದರೆ ಇದ್ದಿಲು, ಉಪ್ಪು ಹಾಕಿ ಹೊಸ ಅರ್ತಿಂಗ್ ಗುಂಡಿ ಮಾಡಿಸಿ, ಬೇಸಿಗೆಯಲ್ಲಿ ಅದಕ್ಕೆ ಆಗಾಗ ನೀರು ಹಾಕಿ. 3 ಲಕ್ಷದ ಸಾಮಾನು ಮನೆಗೆ ಬರುವ ಮೊದಲು ಈ ಕೆಲಸ ಮುಗಿದಿರಲಿ.

ಯುಪಿಎಸ್ ವಿಷಯದಲ್ಲಿ ತುಂಬಾ ಜನ ಎಡವುತ್ತಾರೆ. ನಾನು ಮುಂದೆ ಹೇಳುವ ಪಿಸಿ ಆಟ ಆಡುವಾಗ ಮಾನಿಟರ್ ಸೇರಿ ಸುಮಾರು 500 ವ್ಯಾಟ್ ಎಳೆಯುತ್ತದೆ. ಅಂಗಡಿಯಲ್ಲಿ ಸುಮ್ನೆ ಜೊತೆಗೆ ಕೊಡುವ 600 ವಿಎ ಯುಪಿಎಸ್ ತಡೆಯುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಆಟದ ನಡುವೆ ಕರೆಂಟು ಹೋದರೆ ಅದು ಒಂದು ಸಲ ಕೂಗಿ ಸುಮ್ಮನಾಗುತ್ತದೆ. ವಿಎ ನೋಡಬೇಡಿ, ವ್ಯಾಟ್ ನೋಡಿ. 800 ವ್ಯಾಟಿನ ಮೇಲೇ ಇರಲಿ. ಅದರಲ್ಲೂ ಪ್ಯೂರ್ ಸೈನ್ ವೇವ್ (ಲೈನಿನ ಕರೆಂಟಿನ ಹಾಗೆ ನುಣುಪಾದ ಅಲೆ) ಅಂತ ಬರೆದಿರುವುದೇ ಬೇಕು. ಗೋಡೆಯ ಕರೆಂಟನ್ನು ಪಿಸಿಯ ಪಾರ್ಟ್‌ಗಳಿಗೆ ಹೊಂದಿಸಿ ಕೊಡುವ ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳು ಹಳೇ ಸ್ಕ್ವೇರ್ ವೇವ್ ಇನ್ವರ್ಟರಿನ ಕರೆಂಟಿಗೆ ಸರಿಯಾಗಿ ಒಗ್ಗುವುದಿಲ್ಲ, ಎಷ್ಟೋ ಸಲ ಆಫ್ ಆಗಿಬಿಡುತ್ತವೆ.

ಕರೆಂಟು ಬಿಲ್ಲಿನ ಲೆಕ್ಕವನ್ನೂ ಮಾಡಿಕೊಳ್ಳಿ. 500 ವ್ಯಾಟ್, ದಿನಕ್ಕೆ 4 ಗಂಟೆ ಅಂದರೆ ದಿನಕ್ಕೆ 2 ಯೂನಿಟ್, ತಿಂಗಳಿಗೆ 60. ನಿಮ್ಮ ಮನೆ ಗೃಹಜ್ಯೋತಿಯಲ್ಲಿದ್ದು ಈಗ 150 ಯೂನಿಟ್ ಬರುತ್ತಿದ್ದರೆ, 200 ದಾಟಿ ಪೂರ್ತಿ ಬಿಲ್ ಕಟ್ಟುವ ಹಾಗಾಗುತ್ತದೆ. ಮನೆಯವರಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ಎಸ್‌ಎಂಪಿಎಸ್‌ನಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ. 850 ವ್ಯಾಟ್, 80 ಪ್ಲಸ್ ಗೋಲ್ಡ್ (ಕರೆಂಟು ಕಡಿಮೆ ಪೋಲಾಗುತ್ತದೆ ಎಂಬ ಗುರುತು), ಎಟಿಎಕ್ಸ್ 3.1 (ಹೊಸ ನಿಯಮಕ್ಕೆ ತಕ್ಕದ್ದು ಎಂಬ ಗುರುತು) ಎಂದು ಬರೆದಿರುವುದನ್ನು ತಗೊಳ್ಳಿ. ದೊಡ್ಡ ಕಾರ್ಡ್‌ಗಳು ಒಂದು ಕ್ಷಣದ ಮಟ್ಟಿಗೆ ತಮ್ಮ ಲೆಕ್ಕಕ್ಕಿಂತ ಎಷ್ಟೋ ಜಾಸ್ತಿ ಕರೆಂಟು ಎಳೆಯುತ್ತವೆ. ಎಟಿಎಕ್ಸ್ 3.0 ಬಂದ ಮೇಲೆ, ಕಾರ್ಡಿಗಾಗಿಯೇ ಮಾಡಿದ ಇಂಥ ಎಸ್‌ಎಂಪಿಎಸ್ ತನ್ನ ಮೇಲೆ ಬರೆದಿರುವ ವ್ಯಾಟಿನ ಎರಡರಷ್ಟನ್ನು 100 ಮೈಕ್ರೋಸೆಕೆಂಡ್ ತಡೆದುಕೊಳ್ಳಬೇಕು ಎಂಬ ನಿಯಮ ಬಂತು. ಒಳ್ಳೆಯ ಎಸ್‌ಎಂಪಿಎಸ್‌ಗೆ 7ರಿಂದ 10 ವರ್ಷ ವಾರಂಟಿ ಇರುತ್ತದೆ. ಮುಂದಿನ ಪಿಸಿಗೂ ಅದೇ ಆಗುತ್ತದೆ.

ಈಗ ಇನ್ನೊಂದು ತುದಿ, ಮಾನಿಟರ್. ನನ್ನ ಮಾತು ಕೇಳುವುದಾದರೆ 27 ಇಂಚು, 1440ಪಿ (ಪರದೆ ಎಷ್ಟು ಸ್ಪಷ್ಟ ಎಂಬ ಅಳತೆ), 165 ಹರ್ಟ್ಸ್ (ಸೆಕೆಂಡಿಗೆ 165 ಚಿತ್ರ) ಅಥವಾ ಅದಕ್ಕಿಂತ ಮೇಲಿನದು. 1440ಪಿ ಪರದೆಯಲ್ಲಿ ಸುಮಾರು 37 ಲಕ್ಷ ಪಿಕ್ಸೆಲ್ ಇವೆ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಕಾರ್ಡು ಒಂದೊಂದು ಚಿತ್ರಕ್ಕೂ ಎರಡೂಕಾಲು ಪಟ್ಟು ಪಿಕ್ಸೆಲ್ ತುಂಬಬೇಕು. 4ಕೆ ಅಂತ ಹೊರಟರೆ ಕಾರ್ಡು ದೊಡ್ಡದು, ಎಸ್‌ಎಂಪಿಎಸ್ ದೊಡ್ಡದು, ಯುಪಿಎಸ್ ದೊಡ್ಡದು. 27 ಇಂಚಿನ ಪರದೆಯನ್ನು ಎರಡು ಅಡಿ ದೂರದಿಂದ ನೋಡುವಾಗ ಆ ಖರ್ಚಿಗೆ ತಕ್ಕ ಖುಷಿ ನನಗಂತೂ ಸಿಕ್ಕಿಲ್ಲ. 60 ಹರ್ಟ್ಸ್‌ನಿಂದ 165ಕ್ಕೆ ಹೋದದ್ದು ಮಾತ್ರ ಮೊದಲ ದಿನವೇ ಗೊತ್ತಾಯಿತು. 60ರಲ್ಲಿ ಸುಮಾರು 17 ಮಿಲಿಸೆಕೆಂಡಿಗೆ ಒಂದು ಚಿತ್ರ, 165ರಲ್ಲಿ 6 ಮಿಲಿಸೆಕೆಂಡಿಗೆ ಒಂದು. ಮೌಸ್ ಕೈಗೆ ಅಂಟಿಕೊಂಡ ಹಾಗೆ ಓಡುತ್ತದೆ.

ಈ ಪರದೆಗೆ ಸರಿಹೊಂದುವ ಕಾರ್ಡು ಎನ್‌ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 5070 ಟಿಐ. 16 ಜಿಬಿ ಮೆಮೊರಿ, 300 ವ್ಯಾಟ್. 2025ರಲ್ಲಿ ಬಂದಾಗ ಎನ್‌ವಿಡಿಯಾ ಭಾರತಕ್ಕೆ ಹೇಳಿದ ಆರಂಭದ ಬೆಲೆ 80 ಸಾವಿರ, ಅದಕ್ಕಿಂತ ದೊಡ್ಡ ಕಾರ್ಡು 5080ಕ್ಕೆ 1 ಲಕ್ಷದ 7 ಸಾವಿರ, 5090ಕ್ಕೆ 2 ಲಕ್ಷದ 14 ಸಾವಿರ. ಅಂಗಡಿಯಲ್ಲಿ ಜಾಸ್ತಿಯೇ ಇರುತ್ತದೆ. 5080ಕ್ಕೂ ಮೆಮೊರಿ ಅದೇ 16 ಜಿಬಿ. ವೇಗ ಸ್ವಲ್ಪ ಜಾಸ್ತಿ, ಕೊಡುವ ದುಡ್ಡು ಅದಕ್ಕಿಂತ ಜಾಸ್ತಿ. 5090 ಕಾರ್ಡು 575 ವ್ಯಾಟ್ ಎಳೆಯುತ್ತದೆ, ನಿಮ್ಮ ಬಜೆಟ್ಟಿಗೂ ಮನೆಯ ಲೈನಿಗೂ ಅದು ಬೇಡ. 12 ಜಿಬಿಯ 5070 ಕೂಡ ಬೇಡ, ಐದಾರು ವರ್ಷ ಎಂದಿದ್ದೀರಲ್ಲ, ಮೆಮೊರಿಯೇ ಮೊದಲು ಸಾಲದೆ ಹೋಗುವುದು. ಇನ್ನೊಂದು ಕಂಪನಿ ಎಎಂಡಿಯ ಆರ್‌ಎಕ್ಸ್ 9070 ಎಕ್ಸ್‌ಟಿ ಕೂಡ 16 ಜಿಬಿ, 304 ವ್ಯಾಟ್. 15 ಸಾವಿರಕ್ಕಿಂತ ಜಾಸ್ತಿ ಅಗ್ಗಕ್ಕೆ ಸಿಕ್ಕರೆ ಕಣ್ಣುಮುಚ್ಚಿ ಅದನ್ನೇ ತಗೊಳ್ಳಿ.

ಎನ್‌ವಿಡಿಯಾ ಕಾರ್ಡಿನ ಪುಟ್ಟ 16 ಪಿನ್ನಿನ ಪವರ್ ಕನೆಕ್ಟರ್ ಬಗ್ಗೆ ಒಂದು ಮಾತು. 2022ರಲ್ಲಿ 4090 ಕಾರ್ಡ್‌ಗಳಲ್ಲಿ ಇದು ಕರಗಿದ ಪ್ರಕರಣಗಳು ಬಂದವು. ಪೂರ್ತಿ ಒಳಗೆ ಕೂರದೆ ಇದ್ದದ್ದು ಅದಕ್ಕೆ ದೊಡ್ಡ ಕಾರಣ. ಟಾರ್ಚ್ ಹಿಡಿದು ಪಕ್ಕದಿಂದ ನೋಡಿ, ಕೂದಲೆಳೆಯಷ್ಟೂ ಸಂದು ಕಾಣಬಾರದು. ಕನೆಕ್ಟರಿನ ಬುಡದಲ್ಲೇ ಕೇಬಲ್ ಬಗ್ಗಿಸಬೇಡಿ, ಮೂರು ನಾಲ್ಕು ಸೆಂಟಿಮೀಟರ್ ನೇರ ಬಿಟ್ಟು ಆಮೇಲೆ ತಿರುಗಿಸಿ.

ಪ್ರೊಸೆಸರ್ ಎಎಂಡಿಯದೇ ರೈಜೆನ್ 7 9800ಎಕ್ಸ್3ಡಿ. 8 ಕೋರ್ (ಒಟ್ಟಿಗೆ ಲೆಕ್ಕ ಮಾಡುವ ಭಾಗಗಳು) ಸಾಕಾ ಅಂತ ಕೇಳುತ್ತಾರೆ. ಆಟಕ್ಕೆ ಸಾಕು. ಇದರ ಬಲ ಕೋರ್‌ನಲ್ಲಿಲ್ಲ, 96 ಎಂಬಿ ಎಲ್3 ಕ್ಯಾಶ್‌ನಲ್ಲಿದೆ. ಅಡುಗೆ ಮಾಡುವಾಗ ಸಾಸಿವೆ, ಜೀರಿಗೆ ಒಲೆ ಪಕ್ಕದ ಡಬ್ಬಿಯಲ್ಲೇ ಇದ್ದರೆ ಒಗ್ಗರಣೆ ಸೀಯುವುದಿಲ್ಲ. ಪ್ರತಿ ಸಲ ಅಟ್ಟ ಹತ್ತಿ ತರಬೇಕೆಂದರೆ? ರ‍್ಯಾಮ್ ಎಂದರೆ ಆ ಅಟ್ಟ, ಕ್ಯಾಶ್ ಎಂದರೆ ಒಲೆ ಪಕ್ಕದ ಡಬ್ಬಿ. ಆಟಗಳು ಸಣ್ಣ ಸಣ್ಣ ಡೇಟಾವನ್ನು ಮತ್ತೆ ಮತ್ತೆ ಕೇಳುವುದರಿಂದ ಇಲ್ಲಿ ಲಾಭ ಜಾಸ್ತಿ. ದುಡ್ಡು ಸಾಲದಿದ್ದರೆ 2023ರ 7800ಎಕ್ಸ್3ಡಿ ತಗೊಂಡು ಉಳಿದದ್ದನ್ನು ಕಾರ್ಡಿಗೆ ಹಾಕಿ. ಅದರಲ್ಲೂ 96 ಎಂಬಿಯೇ ಇದೆ. ಎರಡೂ ಎಎಂ5 ಸಾಕೆಟ್ಟಿನವು (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ), 2027ರವರೆಗೆ ಮತ್ತು ಆಮೇಲೂ ಇದಕ್ಕೆ ಹೊಸ ಪ್ರೊಸೆಸರ್ ತರುತ್ತೇವೆ ಎಂದು ಎಎಂಡಿ ಹೇಳಿದೆ. ಮೂರು ವರ್ಷದ ನಂತರ ಬೋರ್ಡ್ ಬದಲಿಸದೆ ಪ್ರೊಸೆಸರ್ ಒಂದನ್ನೇ ಬದಲಿಸಬಹುದು.

ಬೋರ್ಡಿಗೆ ಬಿ850 ಚಿಪ್‌ಸೆಟ್ ಧಾರಾಳ. ಹಿಂದೆ ಬಯಾಸ್ (ಬೋರ್ಡಿನ ಒಳಗಿನ ಸಾಫ್ಟ್‌ವೇರ್) ಹೊಸದು ಹಾಕುವ ಫ್ಲ್ಯಾಶ್ ಬಟನ್ ಇರುವುದು, ವೈಫೈ ಇರುವುದು ನೋಡಿ. ರ‍್ಯಾಮ್ ಡಿಡಿಆರ್5, 6000 ವೇಗ, ಸಿಎಲ್30 (ಎಷ್ಟು ಬೇಗ ಉತ್ತರ ಕೊಡುತ್ತದೆ ಎಂಬ ಅಂಕಿ), 16 ಜಿಬಿಯ ಎರಡು. ನಾಲ್ಕು ಹಾಕಿದರೆ ಎಎಂ5ರಲ್ಲಿ ವೇಗ ಇಳಿಸಬೇಕಾಗಿ ಬರುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿವೆ. ಹಾಗಾಗಿ 64 ಜಿಬಿಯ ಆಸೆ ಬಿಡಿ. ಎಸ್‌ಎಸ್‌ಡಿ 2 ಟಿಬಿ, ಜೆನ್ 4 (ವೇಗದ ತಲೆಮಾರು). ಜೆನ್ 5 ಆಟಕ್ಕೆ ಬೇಡ. ಪ್ರೊಸೆಸರ್ ತಂಪಾಗಿಡಲು ಎರಡು ಗೋಪುರದ ಏರ್ ಕೂಲರ್ ಸಾಕು, ಅದರಲ್ಲಿ ಕೆಡುವುದು ಫ್ಯಾನ್ ಮಾತ್ರ, ಅದು ಶಿವಮೊಗ್ಗದಲ್ಲೂ ಸಿಗುತ್ತದೆ. ಕ್ಯಾಬಿನೆಟ್ಟಿನ ಮುಂಭಾಗ ಗಾಜಿನದು ಬೇಡ, ಜಾಲರಿ ಇರಲಿ. ಕಾರ್ಡಿನ ಉದ್ದ ಹಿಡಿಸುತ್ತದಾ ಎಂದು ಮಿಲಿಮೀಟರ್ ಲೆಕ್ಕದಲ್ಲಿ ನೋಡಿಕೊಳ್ಳಿ.

ಎಸ್‌ಪಿ ರೋಡಿಗೆ (ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ) ಹೋಗುವುದಾದರೆ ವಾರದ ನಡುವೆ, ಬೆಳಿಗ್ಗೆ ಹೋಗಿ. ಆನ್‌ಲೈನ್ ಬೆಲೆ ಬರೆದುಕೊಂಡು ಮೂರು ನಾಲ್ಕು ಅಂಗಡಿ ಕೇಳಿ. ಬಿಲ್ ಇಲ್ಲದಿದ್ದರೆ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸಿ, ಬಾಕ್ಸಿನ ಮೇಲಿನ ನಂಬರಿಗೆ ತಾಳೆ ನೋಡಿ. ಒಮ್ಮೆ ನಾನು ಹೀಗೆ ನೋಡದೆ ತಂದ ಎಸ್‌ಎಸ್‌ಡಿ ಎಂಟು ತಿಂಗಳಿಗೆ ಕೆಟ್ಟಿತು. ಬಿಲ್ಲಿನ ನಂಬರೇ ಬೇರೆ, ಎಸ್‌ಎಸ್‌ಡಿಯ ನಂಬರೇ ಬೇರೆ. ಅಂಗಡಿಯವರು ಕೈಚೆಲ್ಲಿದರು.

ಅಂಗಡಿಯಲ್ಲೇ ಜೋಡಿಸಿ ಸಾಗರಕ್ಕೆ ತರುವುದಾದರೆ ಕಾರ್ಡನ್ನೂ ದೊಡ್ಡ ಕೂಲರನ್ನೂ ಬಿಚ್ಚಿ ಅವುಗಳ ಬಾಕ್ಸಿನಲ್ಲೇ ತನ್ನಿ. ಒಂದೂವರೆ ಕಿಲೋ ಕಾರ್ಡು ಬಸ್ಸಿನ ಕುಲುಕಾಟಕ್ಕೆ ಸ್ಲಾಟನ್ನೇ ಬಿರಿಸಬಹುದು. ತಾಳಗುಪ್ಪ ರೈಲಿನಲ್ಲಿ ಸೀಟಿನ ಕೆಳಗೆ ಇಟ್ಟುಕೊಂಡು ಬರುವುದು ಇನ್ನೂ ಒಳ್ಳೆಯದು.

ಮನೆಯಲ್ಲಿ ಜೋಡಿಸುವಾಗ ರ‍್ಯಾಮನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿ. ಮೊದಲ ಸಲ ಆನ್ ಮಾಡಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗೇ ಇರುತ್ತದೆ. ಹೆದರಿ ಆಫ್ ಮಾಡಬೇಡಿ. ಎಎಂ5 ಬೋರ್ಡು ಮೊದಲ ಸಲ ರ‍್ಯಾಮಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ತಗೊಳ್ಳುತ್ತದೆ. ಹೋಗಿ ಕಾಫಿ ಕುಡಿದು ಬನ್ನಿ. ಚಿತ್ರ ಬಂದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಪೋ (ಮೆಮೊರಿಯನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲದಿದ್ದರೆ 6000ಕ್ಕೆ ದುಡ್ಡು ಕೊಟ್ಟ ರ‍್ಯಾಮ್ 4800ರಲ್ಲೋ 5600ರಲ್ಲೋ ಓಡುತ್ತಿರುತ್ತದೆ. ಮಾನಿಟರ್ ಕೇಬಲನ್ನು ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಿ. ಕೊನೆಗೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60 ಎಂದಿದ್ದರೆ 165 ಮಾಡಿ. ನನ್ನ ತಮ್ಮ ಹೊಸ ಮಾನಿಟರನ್ನು ನಾಲ್ಕು ತಿಂಗಳು 60ರಲ್ಲೇ ಓಡಿಸಿದ್ದ. ದೀಪಾವಳಿಗೆ ಮನೆಗೆ ಹೋದಾಗ ನಾನೇ ನೋಡಿ ಬದಲಿಸಿದೆ.